ಸಿದ್ದು ಗಡಿಪಾರಾದ ವರ್ಷ

ಕಳೆದ ವಾರ ಮಿಕ್ಸರ್ ರಿಪೇರಿಗೆಂದು ನಾಶಿಕದ ಸಾತಪುರಕ್ಕೆ ಹೋಗಿದ್ದೆ. ಕಾರ್ಖಾನೆಗಳ ಮೊದಲ ಶಿಫ್ಟು ಬಿಡುವ ಹೊತ್ತು. ರಸ್ತೆ ತುಂಬ ಬೈಕುಗಳು, ಅವುಗಳ ಮೇಲೆ ದಣಿದ ಮುಖಗಳು, ಎಲ್ಲರ ಬಟ್ಟೆಯಿಂದಲೂ ಯಂತ್ರದ ಎಣ್ಣೆಯ ಅದೇ ಘಾಟು. ನಾನು ಕೂತ ಆಟೊ ಸರ್ಕಲ್ಲಿನಲ್ಲಿ ನಿಂತಿತು. ತಲೆ ಎತ್ತಿ ನೋಡಿದರೆ ದೊಡ್ಡದೊಂದು ಫ್ಲೆಕ್ಸು. ಆ ಭಾಗದ ದಾದಾ ಒಬ್ಬನ ಹುಟ್ಟುಹಬ್ಬ. ಅವನ ಚಿತ್ರದ ಕೆಳಗೆ ಶುಭ ಕೋರುವವರ ಸಣ್ಣ ಸಣ್ಣ ಮುಖಗಳು ಸಾಲಾಗಿದ್ದವು. ಅವುಗಳ ನಡುವೆ ಸಿದ್ದು ಇದ್ದ. ಕೊರಳಲ್ಲಿ ದಪ್ಪ ಸರ, ಕಣ್ಣಿಗೆ ಕಪ್ಪು ಕನ್ನಡಕ. ಆದರೂ ಗುರುತು ಹತ್ತಿತು. ಮಾತಿಗೆ ಮೊದಲೇ ನಗಲು ಶುರುಮಾಡುವ ಆ ತುಟಿಗಳನ್ನು ನಾನು ಕೆಲವು ತಿಂಗಳು ಎದುರಿಗೆ ಕೂತು ನೋಡಿದ್ದೇನೆ.

ನಮ್ಮದು ಧಾರವಾಡ. ಯಜಮಾನರು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞರಾಗಿದ್ದರು. ಮದುವೆಯಾಗಿ ನಾಶಿಕಕ್ಕೆ ಬಂದ ಮೇಲೆ ನಾನು ಮರಾಠಿ ಕಲಿತು, ಒಂದು ಜೂನಿಯರ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದೆ. ಮನೆಯಲ್ಲಿ ಕೂತು ಬೇಸರ ಬಂದಿದ್ದ ದಿನಗಳಲ್ಲೇ ಮೃಣಾಲ್ ಬಂದಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ, ಸಮಾಜಕಾರ್ಯ ಓದಿದವಳು. ಅವಳ ಸಂಸ್ಥೆಗೆ ಒಂದು ದೊಡ್ಡ ಕಂಪನಿಯಿಂದ ಅನುದಾನ ಬಂದಿತ್ತು. ಗ್ಯಾಂಗುಗಳಲ್ಲಿ ಸಿಕ್ಕಿಕೊಂಡ ಹುಡುಗರನ್ನು ಹನ್ನೆರಡನೇ ತರಗತಿ ಪಾಸು ಮಾಡಿಸಿ, ಬೇರೆ ಊರಿನ ಕಾಲೇಜಿಗೆ ಸೇರಿಸಿ, ಅಲ್ಲಿಯ ಹಾಸ್ಟೆಲ್ಲಿನಲ್ಲಿ ಇಟ್ಟು ಓದಿಸುವುದು. ಊರು ಬಿಟ್ಟರೆ ಗ್ಯಾಂಗೂ ಬಿಡುತ್ತದೆ ಎನ್ನುವುದು ಅವರ ಲೆಕ್ಕ. ಕಾಗದದ ಮೇಲೆ ಯೋಜನೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಗಲ್ಲಿಯ ಜನ ಅದನ್ನು 'ಭಾಯಿಂಚಿ ಶಾಳಾ' ಎನ್ನುತ್ತಿದ್ದರು, ಅಂದರೆ ಭಾಯಿಗಳ ಶಾಲೆ. ಹುಡುಗರಿಗೆ ಇಂಗ್ಲಿಷೇ ಅಡ್ಡಿ, ನೀವು ಬರಬೇಕು ಎಂದಳು ಮೃಣಾಲ್. ನಮ್ಮವರು ಪೇಪರಿನ ಹಿಂದಿನಿಂದಲೇ, ಹೋಗು, ಮನೆಯಲ್ಲಿದ್ದು ನನಗೆ ಪಾಠ ಹೇಳುವುದಕ್ಕಿಂತ ಅದು ವಾಸಿ ಎಂದರು.

ಜನವರಿಯ ಚಳಿ. ಸಾತಪುರದ ಒಂದು ಹಳೆಯ ವರ್ಕ್‌ಶಾಪಿನ ಮಾಳಿಗೆಯ ಮೇಲೆ ತಗಡಿನ ಚಾವಣಿಯ ಕೋಣೆ. ಕೆಳಗೆ ಕಬ್ಬಿಣ ಕೊರೆಯುವ ಸದ್ದು, ಮೇಲೆ ನನ್ನ ವ್ಯಾಕರಣ. ಮೊದಲ ದಿನ ಹುಡುಗರು ನನಗಿಂತ ಮೊದಲೇ ಬಂದಿದ್ದರು. ಬೆನ್ನನ್ನು ಗೋಡೆಗೆ ಒತ್ತಿ, ಕಣ್ಣನ್ನು ಬಾಗಿಲಿನ ಮೇಲಿಟ್ಟು ಕೂತಿದ್ದರು. ಒಬ್ಬನ ಮುಂಗೈ ಮೇಲೆ ಹೊಲಿಗೆ ಹಾಕಿದ ಗಾಯ. ಹಾಜರಿ ಕೂಗುತ್ತಾ 'ಸಿದ್ದಪ್ಪ' ಎಂಬ ಹೆಸರು ಬಂದಾಗ ನಾನು ನಿಂತೆ. ನಿಮ್ಮ ಊರು ಯಾವುದಪ್ಪಾ ಎಂದು ಕನ್ನಡದಲ್ಲಿ ಕೇಳಿದೆ.

ಅವನು ಮೊದಲು ನಕ್ಕ. ಆಮೇಲೆ ಮರಾಠಿ ಬೆರೆಸಿ ಹೇಳಿದ. "ಮ್ಯಾಡಮ್, ಕನ್ನಡ ಸಗಳಂ ತಿಳೀತದ. ಮಾತಾಡೂಕ ಥೋಡಾ ಪ್ರಾಬ್ಲೆಮ್."

ಅವನಿಗೆ ಆಗ ಇಪ್ಪತ್ತರ ಹತ್ತಿರದ ವಯಸ್ಸು. ತಾಯಿ ಮಾಳಮ್ಮ ಕಲಬುರಗಿ ಜಿಲ್ಲೆಯ ಸೇಡಂ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದವಳು, ಅವನು ಕೆಲಸದ ಮೇಲೆ ಬಿದ್ದು ತೀರಿಕೊಂಡ ಮೇಲೆ ಇಲ್ಲೇ ಉಳಿದಳು. ಸಿದ್ದು ಹುಟ್ಟಿದ್ದು ಸಾತಪುರದ ಪಕ್ಕದ ಝೋಪಡಪಟ್ಟಿಯಲ್ಲಿ. ಗಲ್ಲಿಯಲ್ಲಿ ಅವನು 'ಸಿದ್ಯಾ'. ನಮ್ಮ ಕಡೆಯೂ ಸಲಿಗೆಗೆ ಹಾಗೇ ಕರೆಯುತ್ತಾರೆ, ಮರಾಠಿಯಲ್ಲೂ ಹಾಗೇ. ಆ ಫ್ಲೆಕ್ಸಿನ ದಾದಾನ ಗ್ಯಾಂಗಿನಲ್ಲಿ ಅವನ ಕೆಲಸ ಮಾತಾಡುವುದು. ದಾದಾನ ಹುಡುಗರು ಬರುವ ಮೊದಲು ಅಂಗಡಿಗೆ ಹೋಗಿ, ಚಹಾ ಕುಡಿಯುತ್ತಾ, ಏನು ಕೊಟ್ಟರೆ ಏನು ತಪ್ಪುತ್ತದೆ ಎಂದು ನಯವಾಗಿ ಹೇಳಿ ಬರುವವನು ಇವನು. ಅವನು ಯಾರ ಮೇಲೂ ಕೈ ಮಾಡಿದ್ದನ್ನು ಯಾರೂ ನೋಡಿರಲಿಲ್ಲ. ಆದರೆ ಕೈಯಲ್ಲಿ ಕೊಯ್ತಾ ಹಿಡಿದು, ಹಾಡಿಗೆ ತಲೆ ಕುಣಿಸುತ್ತಾ ಒಂದು ರೀಲು ಮಾಡಿದ್ದ. ಕೊಯ್ತಾ ಎಂದರೆ ಕಬ್ಬು ಕಡಿಯುವ ಮಚ್ಚು. ಈಗ ಇಲ್ಲಿ ಕಬ್ಬಿಗಿಂತ ಬೇರೆಯದಕ್ಕೇ ಅದರ ಹೆಸರು ಹೆಚ್ಚು ಕೇಳಿಬರುತ್ತದೆ. ಆ ರೀಲು ಪೊಲೀಸರ ಬಳಿ ಇತ್ತು. ಗುಂಪಿನ ಹೊಡೆದಾಟಗಳ ಕೇಸುಗಳಲ್ಲಿ ಅವನ ಹೆಸರೂ ಇತ್ತು.

ಅವನು ನಮ್ಮ ಶಾಲೆಗೆ ಯಾಕೆ ಬಂದನೆಂದು ನನಗೆ ತಿಳಿದದ್ದು ಫೆಬ್ರವರಿಯಲ್ಲಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗದ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿ ಎಂದು ಹೇಳಿದ್ದೆ. ಒಬ್ಬ ತ್ರ್ಯಂಬಕದ ಬಗ್ಗೆ ಹೇಳಿದ, ಇನ್ನೊಬ್ಬ ಕ್ರಿಕೆಟ್ ಮೈದಾನದ ಬಗ್ಗೆ. ಸಿದ್ದು ಎದ್ದು ನಿಂತು, ಎರಡೂ ಕೈ ಚಾಚಿ, ತನ್ನ ಗಲ್ಲಿಯನ್ನು ವರ್ಣಿಸತೊಡಗಿದ. ಮುರಿದ ಇಂಗ್ಲಿಷು, ಆದರೆ ಎಲ್ಲಿಯೂ ತಡವರಿಸಲಿಲ್ಲ. ನಿಮ್ಮ ಎಡಕ್ಕೆ ನೋಡಿ, ಇದು ನೀರಿನ ಟಾಕಿ. ಬಲಕ್ಕೆ ಪಾನಿನ ಅಂಗಡಿ, ಇದರ ಮಾಲೀಕರಿಗೆ ಕಿವಿ ಕೇಳುವುದಿಲ್ಲ. ಇಲ್ಲಿ, ಈ ಮೆಟ್ಟಿಲ ಮೇಲೆ, ನನ್ನ ಗೆಳೆಯ ಅಮೋಲ್ ಏಟು ತಿಂದು ಬಿದ್ದ, ಮತ್ತೆ ಏಳಲಿಲ್ಲ. ಮಾತಾಡಿ ಬಗೆಹರಿಸೋಣ ಬಾ ಎಂದು ಅವನನ್ನು ಕರೆದುಕೊಂಡು ಬಂದವನು ನಾನು. ಈಗ ದಯವಿಟ್ಟು ಈ ಕಡೆ ಬನ್ನಿ.

ಸಿದ್ದು ತನ್ನ ಜಾಗಕ್ಕೆ ಹೋಗಿ ಕೂತು, ಸರಿ ಆಯ್ತಾ ಎನ್ನುವಂತೆ ನನ್ನ ಮುಖ ನೋಡಿದ. ವ್ಯಾಕರಣದ ತಪ್ಪು ತಿದ್ದುವುದು ನನ್ನಿಂದ ಆಗಲಿಲ್ಲ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಮೃಣಾಲ್ ಆ ಸಂಜೆ ಚಹಾ ಕುಡಿಯುವಾಗ, ಸಂಭಾಜಿನಗರದ, ಅಂದರೆ ಔರಂಗಾಬಾದಿನ, ಒಂದು ಕಾಲೇಜಿನಲ್ಲಿ ಪ್ರವಾಸೋದ್ಯಮದ ಪದವಿ ಇದೆ, ಇವನು ಗೈಡ್ ಆಗಬೇಕು ಎಂದಳು. ನಾವಿಬ್ಬರೂ ಬಹಳ ಹೊತ್ತು ಅದನ್ನೇ ಮಾತಾಡಿದೆವು. ಅವನಲ್ಲಿ ಇರುವುದು ಮಾತು. ಅದನ್ನೇ ಬೇರೆ ಕಡೆಗೆ ತಿರುಗಿಸಿದರಾಯಿತು ಎಂದು ನಮಗೆ ಆಗ ಅನ್ನಿಸಿತು.

ಅವನು ಮೊದಲೊಮ್ಮೆ ಫೇಲಾಗಿದ್ದ ಹನ್ನೆರಡನೆಯ ತರಗತಿ ಆ ಸಲ ಪಾಸಾಯಿತು. ಮಾಳಮ್ಮ ಪೇಡೆಯ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದಳು. ಸಿಮೆಂಟಿನಿಂದ ಒಡೆದ ಕೈಗಳು, ತಲೆ ಮೇಲೆ ಸೆರಗು. ಸೋಫಾದ ಮೇಲೆ ಎಷ್ಟು ಕರೆದರೂ ಕೂಡಲಿಲ್ಲ, ನೆಲದ ಮೇಲೆ ನನ್ನ ಜೊತೆಗೇ ಕೂತಳು. ಮಗ ದೂರ ಹೋಗುತ್ತಾನಲ್ಲ, ಬೇಸರ ಇಲ್ಲವೇ ಎಂದು ಕೇಳಿದೆ. ಇಲ್ಲಿದ್ದಾಗ ರಾತ್ರಿ ಬಾಗಿಲ ಸದ್ದಾದರೆ ಪೊಲೀಸರೋ ಬೇರೆಯವರೋ ಎಂದು ಕೂತಿರುತ್ತೇನೆ, ಅಲ್ಲಿದ್ದರೆ ಮಲಗಿ ನಿದ್ದೆಯಾದರೂ ಮಾಡುತ್ತೇನೆ ಎಂದಳು.

ಜುಲೈ ತಿಂಗಳಲ್ಲಿ ಗೋದಾವರಿ ತುಂಬಿ ರಾಮಕುಂಡದ ಮೆಟ್ಟಿಲುಗಳು ಮುಳುಗಿದ್ದಾಗ ಅವನನ್ನು ಬಸ್ಸು ಹತ್ತಿಸಿದೆವು. ಊರಿನ ಹೆಸರು ಆಗತಾನೇ ಬದಲಾಗಿತ್ತು. ಬಸ್ಸಿನ ಬೋರ್ಡು ಛತ್ರಪತಿ ಸಂಭಾಜಿನಗರ ಎನ್ನುತ್ತಿತ್ತು, ಕಂಡಕ್ಟರ್ ಔರಂಗಾಬಾದ್ ಎಂದು ಕೂಗುತ್ತಿದ್ದ. ಹೊಸ ಚೀಲ, ಹೊಸ ಚಪ್ಪಲಿ. ಕೊನೆಯ ಗಳಿಗೆಯಲ್ಲಿ ಅವನು ಫೋನಿನ ಸಿಮ್ ತೆಗೆದು ತಾಯಿಯ ಕೈಗೆ ಕೊಟ್ಟ. ದಾದಾನ ಹುಡುಗರ ನಂಬರೆಲ್ಲ ಅದರಲ್ಲಿವೆ, ನನಗೆ ಬೇಡ ಎಂದ. ಮಾಳಮ್ಮ ಅದನ್ನು ಸೆರಗಿಗೆ ಕಟ್ಟಿಕೊಂಡಳು.

ಆಗಸ್ಟಿನಲ್ಲಿ ನಾವು ಅವನನ್ನು ನೋಡಲು ಹೋದೆವು. ನಮ್ಮವರು ಕಾರು ಓಡಿಸಿದರು, ಮಾಳಮ್ಮ ಹಿಂದೆ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಯೇವಲಾ ದಾಟಿದ ಮೇಲೆ ಮಳೆ ತೆಳುವಾಯಿತು, ವೈಜಾಪುರದ ಆಚೆ ಬಿಸಿಲೇ ಬಂತು. ಸಿದ್ದು ಹಾಸ್ಟೆಲ್ಲಿನ ಗೇಟಿನಲ್ಲಿ ಇಸ್ತ್ರಿ ಮಾಡಿದ ಶರ್ಟು ಹಾಕಿ ಕಾಯುತ್ತಿದ್ದ. ನಮ್ಮನ್ನು ನೇರವಾಗಿ ವೇರೂಳದ ಗುಹೆಗಳಿಗೆ ಕರೆದೊಯ್ದ. ಎಲ್ಲೋರಾ ಎಂದು ನಾವು ಹೇಳುವ ಊರನ್ನು ಇಲ್ಲಿಯವರು ವೇರೂಳ ಎನ್ನುತ್ತಾರೆ. ಗುಡ್ಡವೆಲ್ಲ ಹಸಿರಾಗಿತ್ತು, ಬಂಡೆಯ ಮೇಲಿಂದ ನೀರು ಇಳಿಯುತ್ತಿತ್ತು. ಕೈಲಾಸದ ಅಂಗಳದಲ್ಲಿ ನಿಂತು ಅವನು ಕೈ ಚಾಚಿ ಶುರುಮಾಡಿದ. ಈ ದೇಗುಲವನ್ನು ಕಟ್ಟಲಿಲ್ಲ, ಮೇಲಿನಿಂದ ಕೆಳಕ್ಕೆ ಕೊರೆಯುತ್ತಾ ಬಂದರು. ಒಂದು ತಪ್ಪು ಏಟು ಬಿದ್ದರೆ ತಿದ್ದಲು ಬರುವುದಿಲ್ಲ. ಪಕ್ಕದಲ್ಲಿದ್ದ ಒಂದಿಬ್ಬರು ಪ್ರವಾಸಿಗರೂ ನಿಂತು ಕೇಳತೊಡಗಿದರು.

ಇದನ್ನು ಕೊರೆಸಿದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಈಗಿನ ಮಳಖೇಡ, ನಿಮ್ಮ ತಾಯಿಯ ಸೇಡಂ ತಾಲೂಕಿನಲ್ಲೇ ಇದೆ ಎಂದು ನಾನು ಹೇಳಿದೆ. ಅವನಿಗೆ ಅದು ಗೊತ್ತಿರಲಿಲ್ಲ. ತಾಯಿಯ ಕಡೆ ತಿರುಗಿ, ನಿಜವೇನೇ ಎಂದು ಕೇಳಿದ. ಮಾಳಮ್ಮ ಮಳಖೇಡದ ಸಂತೆಗೆ ಹೋಗುತ್ತಿದ್ದೆ, ಅಲ್ಲಿ ಒಂದು ಬಿದ್ದ ಕೋಟೆ ಅದ, ರಾಜರ ಸುದ್ದಿ ನನಗ ಯಾರೂ ಹೇಳಿಲ್ಲ ಎಂದಳು. ಸಿದ್ದು ಆ ದಿನವೆಲ್ಲ ಅದೇ ಗುಂಗಿನಲ್ಲಿದ್ದ. ಮುಂದಿನ ಗುಹೆಯಲ್ಲಿ ಆ ಪ್ರವಾಸಿಗರಿಗೆ, ಇದು ನಮ್ಮ ಊರಿನ ರಾಜರು ಮಾಡಿಸಿದ್ದು ಎಂದು ಹಿಂದಿಯಲ್ಲಿ ಹೇಳುತ್ತಿರುವುದು ಕೇಳಿಸಿತು. ಮಾಳಮ್ಮ ಕಂಬಕ್ಕೆ ಒರಗಿ, ಮಗ ಮಾತಾಡುವುದನ್ನು ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದಳು. ಅವನ ಮಾತನ್ನು ಅವಳು ಹೆದರದೆ ಕೇಳಿದ್ದು ಅದೇ ಮೊದಲಿರಬೇಕು.

ಗಣಪತಿ ಹಬ್ಬದ ಹೊತ್ತಿಗೆ ನಾಶಿಕದ ಮನೆಗೆ ಪೊಲೀಸರು ಬಂದು ನೋಟಿಸು ಅಂಟಿಸಿ ಹೋದರು. ದಾದಾನ ಗ್ಯಾಂಗಿನ ಹಲವರನ್ನು ಗಡಿಪಾರು ಮಾಡುವ ವಿಚಾರವಿದೆ, ಹೇಳುವುದಿದ್ದರೆ ಬಂದು ಹೇಳಬೇಕು ಎಂದಿತ್ತು. ಇಲ್ಲಿಯವರ ಬಾಯಲ್ಲಿ ಅದು 'ತಡೀಪಾರ್'. ಪಟ್ಟಿಯಲ್ಲಿ ಸಿದ್ದುವೂ ಇದ್ದ. ಮೃಣಾಲ್ ಧೈರ್ಯವಾಗಿದ್ದಳು. ಅವನು ಹೇಗೂ ನಾಶಿಕ ಬಿಟ್ಟಿದ್ದಾನೆ, ಕಾಲೇಜಿಗೆ ಹೋಗುತ್ತಿದ್ದಾನೆ, ಇದಕ್ಕಿಂತ ಒಳ್ಳೆಯ ಪುರಾವೆ ಏನು ಬೇಕು ಎಂದಳು.

ವಿಚಾರಣೆಗೆ ಸಂಭಾಜಿನಗರದಿಂದ ಬಂದ ಸಿದ್ದು, ಮೃಣಾಲ್, ನಾನು ಮೂವರೂ ಹೋದೆವು. ಅಧಿಕಾರಿ ಸಭ್ಯರು. ನನಗೆ ಕುರ್ಚಿ ಕೊಟ್ಟರು, ಮೃಣಾಲ್ ತಂದ ಕಾಲೇಜಿನ ಪತ್ರಗಳನ್ನು ಒಂದೊಂದಾಗಿ ಓದಿದರು. ಸಿದ್ದುವನ್ನು ಓದಿನ ಬಗ್ಗೆ ವಿಚಾರಿಸಿದರು. ಅವನು ಕೈಲಾಸ ದೇಗುಲದ ಬಗ್ಗೆ ಹೇಳಿದ. ಅವರು ಪೂರ್ತಿ ಕೇಳಿದರು. ಆಮೇಲೆ ತಮ್ಮ ಮುಂದಿದ್ದ ಫೈಲು ತೆರೆದು ಆ ರೀಲಿನ ಚಿತ್ರ ತೋರಿಸಿದರು. ಈ ಹುಡುಗ ಮಾತಾಡಿದರೆ ಯಾರಾದರೂ ನಂಬುತ್ತಾರೆ, ಆ ಗ್ಯಾಂಗು ಇಷ್ಟು ವರ್ಷ ನಡೆದದ್ದೇ ಇವನ ಮಾತಿನ ಮೇಲೆ ಎಂದು ಅಂಗಡಿಯವರು ಹೇಳಿಕೆ ಕೊಟ್ಟಿದ್ದಾರೆ, ನಾನು ಯಾವುದನ್ನು ನಂಬಲಿ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ಹೊರಗೆ ಬಂದಾಗ ಸಿದ್ದು, ಆ ಅಂಗಡಿಯವರು ಹೇಳಿದ್ದು ಸುಳ್ಳಲ್ಲ ಮ್ಯಾಡಮ್ ಎಂದ.

ದಸರೆ ಆದ ಮೇಲೆ ಆದೇಶ ಬಂತು. ನಾಶಿಕ ಜಿಲ್ಲೆ ಮಾತ್ರವಲ್ಲ, ಅದಕ್ಕೆ ಹೊಂದಿಕೊಂಡ ಸಂಭಾಜಿನಗರ ಜಿಲ್ಲೆಯಿಂದಲೂ ಒಂದು ವರ್ಷ ಹೊರಗಿರಬೇಕು. ಮೃಣಾಲ್ ಫೋನಿನಲ್ಲಿ ಓದಿ ಹೇಳಿದಾಗ ನಾನು ತಪ್ಪು ಕೇಳಿಸಿಕೊಂಡೆ ಎಂದುಕೊಂಡು ಮತ್ತೊಮ್ಮೆ ಓದಿಸಿದೆ. ಗ್ಯಾಂಗಿನ ಕೆಲವರು ಓಡಿಹೋಗಿ ಸಂಭಾಜಿನಗರದಲ್ಲಿ ಅಡಗುವುದುಂಟು, ಅದಕ್ಕೇ ಎಲ್ಲರಿಗೂ ಒಂದೇ ಆದೇಶ. ಅದರಲ್ಲಿ ಕಾಲೇಜಿಗೆ ಹೋಗುವವನು ಒಬ್ಬನಿದ್ದಾನೆಂದು ಬೇರೆ ವಾಕ್ಯ ಇರಲಿಲ್ಲ.

ಅಪೀಲು ಹಾಕಬಹುದು ಎಂದರು ವಕೀಲರು, ಆದರೆ ಅದು ತನ್ನ ಸರದಿಗೆ ಬರಬೇಕು. ಮೃಣಾಲ್ ಕಂಪನಿಯವರನ್ನು ಕೇಳಿದಳು, ಕಲಬುರಗಿಯ ಯಾವುದಾದರೂ ಕಾಲೇಜಿಗೆ ಅವನನ್ನು ವರ್ಗಾಯಿಸಬಹುದೇ ಎಂದು. ಅನುದಾನ ಮಹಾರಾಷ್ಟ್ರಕ್ಕೆ ಮಾತ್ರ. ವಕೀಲರ ಖರ್ಚಿಗೆ ಏನಾದರೂ? ಅದು ಶಿಕ್ಷಣದ ಬಾಬತ್ತಿಗೆ ಬರುವುದಿಲ್ಲ. ಯಾರೂ ಗಡುಸಾಗಿ ಮಾತಾಡಲಿಲ್ಲ. ಫೋನಿನ ಆ ತುದಿಯಲ್ಲಿದ್ದ ಹುಡುಗಿ ಪ್ರತಿ ಸಲವೂ ಕ್ಷಮೆ ಕೇಳುತ್ತಿದ್ದಳಂತೆ. ಪರೀಕ್ಷೆಗೆ ಮಾತ್ರ ಜಿಲ್ಲೆಯೊಳಗೆ ಬರಲು ಅನುಮತಿ ಕೋರಿ ಅರ್ಜಿ ಹಾಕಿದೆವು. ಸಿದ್ದು ಹಾಸ್ಟೆಲ್ ಖಾಲಿ ಮಾಡಿ ಸೇಡಂ ಹತ್ತಿರದ ಸೋದರಮಾವನ ಊರಿಗೆ ಹೋದ.

ಅಲ್ಲಿಂದ ಆಗಾಗ ಫೋನು ಮಾಡುತ್ತಿದ್ದ. ಅವನ ಕನ್ನಡ ದಿನದಿನಕ್ಕೆ ತಿಳಿಯಾಗುತ್ತಿತ್ತು. ಮಾವನ ಮಕ್ಕಳು ತನ್ನನ್ನು ಮರಾಠ್ಯಾ ಎಂದು ಕಾಡಿಸುತ್ತಾರೆ ಎಂದು ನಗುತ್ತಿದ್ದ. ಅಲ್ಲಿ ಇಂಟರ್ನೆಟ್ ಬರುವುದು ಊರ ಹೊರಗಿನ ಒಂದು ಕಲ್ಲಿನ ಕ್ವಾರಿಯ ಹತ್ತಿರ. ಅಲ್ಲಿ ಕೂತು ಗೆಳೆಯರು ಕಳಿಸಿದ ನೋಟ್ಸು ಓದುತ್ತಿದ್ದ. ಪ್ರತಿ ಸಲ ಕೊನೆಗೆ ಒಂದೇ ಪ್ರಶ್ನೆ, ಪರ್ಮಿಶನ್ ಬಂತೇನ್ರಿ? ಮೃಣಾಲ್ ಕಚೇರಿಗೆ ಅಲೆದಳು, ನಾನೂ ಅವಳ ಜೊತೆ ಹೋದೆ. ಅರ್ಜಿ ಮೇಲಕ್ಕೆ ಹೋಗಿದೆ, ಬರುತ್ತದೆ ಎನ್ನುತ್ತಿದ್ದರು. ಒಂದು ದಿನ ಅಲ್ಲಿಯ ಗುಮಾಸ್ತರು ನಮ್ಮನ್ನು ನೋಡಿ, ಕೂತುಕೊಳ್ಳಿ, ಚಹಾ ತರಿಸುತ್ತೇನೆ ಎಂದರು. ಏನಾದರೂ ಮಾಡಬೇಕೆಂದು ಅವರಿಗೂ ಅನ್ನಿಸಿತ್ತು. ಅವರ ಕೈಯಲ್ಲಿ ಇದ್ದದ್ದು ಚಹಾ ಒಂದೇ.

ಪರೀಕ್ಷೆ ಡಿಸೆಂಬರಿನಲ್ಲಿ ಶುರುವಾಯಿತು. ಅನುಮತಿ ಬಂದಿರಲಿಲ್ಲ. ಹೋಗಬೇಡ, ಮುಂದಿನ ಸಲ ಬರೆಯಬಹುದು ಎಂದು ನಾನೂ ಹೇಳಿದ್ದೆ, ಮೃಣಾಲ್ ಕೂಡ ಹೇಳಿದ್ದಳು. ಹೂಂ ಎಂದಿದ್ದ. ಮೊದಲ ಪೇಪರಿನ ಮಧ್ಯಾಹ್ನ ನಾನು ಬಟ್ಟೆ ಮಡಚುತ್ತಿದ್ದಾಗ ಫೋನು ಬಂತು. ಹಿಂದೆ ಹುಡುಗರ ಗದ್ದಲ, ಆಟೊಗಳ ಹಾರ್ನು.

"ಮ್ಯಾಡಮ್, ಬೈಬ್ಯಾಡ್ರಿ. ಬರದ ಬಂದೀನಿ. ಛಲೋ ಆಗೇದ."

ಈಗಿಂದೀಗಲೇ ಬಸ್ಸು ಹತ್ತಿ ವಾಪಸು ಹೋಗು ಎಂದೆ. ನಾಳಿದ್ದಿನ ಪೇಪರು ವೇರೂಳದ್ದು ಮ್ಯಾಡಮ್, ಅದೊಂದು ಬರೆಯುತ್ತೇನೆ ಎಂದ. ಉಳಿದವನ್ನು ಬೇಕಾದರೆ ಬಿಡುತ್ತೇನೆ, ಅದೊಂದನ್ನು ಬಿಡಲಾರೆ ಎಂದ. ಗೆಳೆಯನೊಬ್ಬನ ರೂಮಿನಲ್ಲಿ ಉಳಿದಿದ್ದ.

ಯಾರು ಹೇಳಿದರೋ ಇವತ್ತಿಗೂ ಗೊತ್ತಿಲ್ಲ. ಆ ಪೇಪರು ನಡೆಯುತ್ತಿದ್ದಾಗಲೇ ಪೊಲೀಸರು ಕಾಲೇಜಿಗೆ ಬಂದರು. ಮೇಲ್ವಿಚಾರಕರು ಬಾಗಿಲಲ್ಲಿ ಅವರ ಜೊತೆ ಪಿಸುದನಿಯಲ್ಲಿ ಮಾತಾಡಿದ್ದನ್ನು ಗೆಳೆಯ ಆಮೇಲೆ ಹೇಳಿದ. ಹವಾಲ್ದಾರ್ ಒಳಗೆ ಬಂದು ಸಿದ್ದುವಿನ ಹಿಂದೆ ನಿಂತ. ಸಿದ್ದು ತಲೆ ಎತ್ತಿ ನೋಡಿ, ಮತ್ತೆ ಬಗ್ಗಿ ಬರೆಯತೊಡಗಿದ. ಆ ಉತ್ತರ ಮುಗಿಯುವವರೆಗೂ ಹವಾಲ್ದಾರ್ ಸುಮ್ಮನೆ ನಿಂತಿದ್ದನಂತೆ. ಆಮೇಲೆ ಭುಜ ಮುಟ್ಟಿದ. ಸಿದ್ದು ಉತ್ತರಪತ್ರಿಕೆಯ ಪುರವಣಿಗೆ ದಾರ ಕಟ್ಟಿ, ಮೇಲ್ವಿಚಾರಕರ ಕೈಗೆ ಕೊಟ್ಟು ನಡೆದ.

ಮಾಳಮ್ಮನಿಗೆ ವಿಷಯ ಹೇಳಲು ನಾನೇ ಹೋಗಬೇಕಾಯಿತು. ಅವಳು ಗಂಗಾಪುರ ರಸ್ತೆಯ ಒಂದು ಕಟ್ಟಡದಲ್ಲಿ ಗೋಡೆಗೆ ನೀರು ಹೊಡೆಯುತ್ತಿದ್ದಳು. ನನ್ನನ್ನು ದೂರದಿಂದ ನೋಡಿದ ಕೂಡಲೇ ಪೈಪು ಕೆಳಗೆ ಬಿಟ್ಟಳು. ನೀರು ಹರಿದು ನಮ್ಮ ಕಾಲಿಗೆ ಬಂತು.

"ಈ ಸಲ ಏನ್ ಮಾಡ್ಯಾನ್ರಿ ಅಕ್ಕೋರ?"

"ಪರೀಕ್ಷಾ ಬರೀಲಿಕ್ಕೆ ಹೋಗಿದ್ದ," ಎಂದೆ.

ನಾನು ಇನ್ನೂ ಏನೋ ಹೇಳುತ್ತೇನೆಂದು ಅವಳು ಕಾದಳು. ಆಮೇಲೆ ಅವಳೇ ಹೋಗಿ ನಲ್ಲಿ ನಿಲ್ಲಿಸಿ ಬಂದಳು.

ಮರುದಿನ ನಸುಕಿನಲ್ಲೇ ನಮ್ಮವರು, ನಾನು, ಮಾಳಮ್ಮ ಸಂಭಾಜಿನಗರಕ್ಕೆ ಹೊರಟೆವು. ಮೃಣಾಲ್ ಸಂಸ್ಥೆಯವರಿಗೆ ಉತ್ತರ ಕೊಡುವುದರಲ್ಲಿ ಸಿಕ್ಕಿಕೊಂಡಿದ್ದಳು. ಜಾಮೀನು ಸಿಗುತ್ತದೆ, ಆದರೆ ಅಲ್ಲಿಯದೇ ಒಬ್ಬ ಜಾಮೀನುದಾರ ಬೇಕು ಎಂದು ವಕೀಲರು ಹೇಳಿದ್ದರು. ನಮಗೆ ಆ ಊರಿನಲ್ಲಿ ಗುರುತಿದ್ದವರು ಒಬ್ಬರೇ, ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುವ ಕುಂದಾಪುರದ ಶೆಟ್ಟರು. ಅವರು ಮೊದಲು ನಮಗೆ ತಿಂಡಿ ತರಿಸಿದರು. ವಿಷಯ ಕೇಳಿ ಕೈ ಒರೆಸಿಕೊಂಡು ಎದುರಿಗೆ ಕೂತರು.

"ಅಲ್ಲ ಅಕ್ಕ, ನಾವು ಹೊಟ್ಟೆಪಾಡಿಗೆ ಈ ಊರಿಗೆ ಬಂದವರು. ನಾಳೆ ಆ ಹುಡುಗ ಎಲ್ಲಿಗಾದರೂ ಓಡಿ ಹೋದರೆ ಪೊಲೀಸರು ಬರುವುದು ನನ್ನ ಗಲ್ಲಾಕ್ಕೆ."

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಮಾಳಮ್ಮ ಇಡ್ಲಿ ಮುಟ್ಟದೆ ತಟ್ಟೆಯನ್ನೇ ನೋಡುತ್ತಾ ಕೂತಿದ್ದಳು. ಶೆಟ್ಟರು ಅವಳ ಕಡೆ ಒಮ್ಮೆ ನೋಡಿ, ಒಳಗೆ ಹೋಗಿ ಹೆಂಡತಿಯ ಜೊತೆ ಮಾತಾಡಿ ಬಂದರು. ಊಟದ ರಶ್ಶು ಮುಗಿಯಲಿ, ಅಂಗಡಿಯ ಕಾಗದಪತ್ರ ತೆಗೆದುಕೊಂಡು ಬರುತ್ತೇನೆ ಎಂದರು. ನಮಗೆ ಅಷ್ಟಾದದ್ದೇ ದೊಡ್ಡದು. ಕೊನೆಯ ಗಿರಾಕಿ ಎದ್ದು ಹೋಗುವವರೆಗೂ ಅಲ್ಲೇ ಒಂದು ಮೂಲೆಯ ಮೇಜಿನಲ್ಲಿ ಕಾದೆವು.

ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಒಂದು ಬಿಳಿ ಕಾರು ನಿಂತಿತ್ತು. ನಾಶಿಕದ ನಂಬರು. ಸಿದ್ದು ಆಗಲೇ ಮೆಟ್ಟಿಲಿಳಿದು ಬರುತ್ತಿದ್ದ. ಅವನ ಒಂದು ಬದಿಗೆ ಕರಿಕೋಟಿನ ವಕೀಲ, ಇನ್ನೊಂದು ಬದಿಗೆ ದಾದಾನ ಇಬ್ಬರು ಹುಡುಗರು. ಅವರು ಬೆಳಗ್ಗೆಯೇ ಬಂದಿದ್ದರು. ಜಾಮೀನುದಾರನನ್ನೂ ಅವರೇ ಕರೆತಂದಿದ್ದರು. ಅವರಲ್ಲಿ ಒಬ್ಬ ಮಾಳಮ್ಮನನ್ನು ನೋಡಿ, ಮಾವಶಿ, ಅಂದರೆ ಚಿಕ್ಕಮ್ಮಾ, ಎಂದು ಓಡಿ ಬಂದು ಅವಳ ಕಾಲಿಗೆ ಬಿದ್ದ, ನೀರಿನ ಬಾಟಲಿ ಕೊಟ್ಟ.

ಸಿದ್ದು ನಮ್ಮ ಮುಂದೆ ನಿಂತ. ಅವನ ಬೆರಳುಗಳಲ್ಲಿ ಇನ್ನೂ ಪೆನ್ನಿನ ಶಾಯಿಯಿತ್ತು. ಶೆಟ್ಟರು ಕಾಗದಪತ್ರಗಳ ಪ್ಲಾಸ್ಟಿಕ್ ಚೀಲವನ್ನು ಎದೆಗೆ ಹಿಡಿದುಕೊಂಡು ನನ್ನ ಪಕ್ಕದಲ್ಲಿ ನಿಂತಿದ್ದರು. ಸಿದ್ದು ಅವರಿಗೂ ನಮಸ್ಕಾರ ಮಾಡಿದ. ಅವರು ಯಾಕೆ ಬಂದಿದ್ದಾರೆಂದು ನಾವು ಹೇಳದೆಯೇ ಅವನಿಗೆ ತಿಳಿಯಿತು.

"ನೀವು ಬರ್ತೀರಿ ಅಂತ ಗೊತ್ತಿತ್ತು ಮ್ಯಾಡಮ್," ಎಂದ. "ಅವರು ಮೊದಲ ಬಂದ್ರು."

ನಮ್ಮ ಕಾರಿನಲ್ಲಿ ಬಾ, ಸೇಡಮ್ಮಿಗೆ ನಾವೇ ಬಿಟ್ಟು ಬರುತ್ತೇವೆ ಎಂದರು ನಮ್ಮವರು. ಅವನು ಬೇಡವೆಂದು ತಲೆಯಾಡಿಸಿದ. ಹೊರಗೆ ತಂದವರ ಜೊತೆ ಹೋಗದೆ ಬೇರೆಯವರ ಜೊತೆ ಹೋದರೆ ಸರಿಯಾಗುವುದಿಲ್ಲ ಎಂದಷ್ಟೇ ಹೇಳಿದ. ಬಗ್ಗಿ ನನ್ನ ಕಾಲು ಮುಟ್ಟಿದ. ಬಿಳಿ ಕಾರಿನ ಬಾಗಿಲು ತೆರೆದೇ ಇತ್ತು. ಮಾಳಮ್ಮ ನಮ್ಮ ಕಾರನ್ನೂ ಆ ಕಾರನ್ನೂ ಒಂದೊಂದು ಸಲ ನೋಡಿ, ಮಗನ ಹಿಂದೆ ಹೋಗಿ ಕೂತಳು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ನಾವು ಶೆಟ್ಟರನ್ನು ಹೋಟೆಲಿಗೆ ಬಿಟ್ಟು ನಾಶಿಕಕ್ಕೆ ಬಂದೆವು.

ದಾದಾನ ಕಡೆಯವರು ಸಿದ್ದುವಿಗೆ ಪುಣೆಯ ಬದಿಗೆ ಒಂದು ಖೋಲಿ ಮಾಡಿಕೊಟ್ಟರು. ಅಲ್ಲಿಗೆ ಆದೇಶ ಅನ್ವಯಿಸುತ್ತಿರಲಿಲ್ಲ. ಯೋಜನೆಯ ಅವಧಿಯಲ್ಲೇ ವಿದ್ಯಾರ್ಥಿಯೊಬ್ಬನ ಬಂಧನವಾಯಿತೆಂದು ಕಂಪನಿಯವರು ಮುಂದಿನ ವರ್ಷಕ್ಕೆ ಅನುದಾನ ಕೊಡಲಿಲ್ಲ. ಉಳಿದ ಹುಡುಗರಲ್ಲಿ ಇಬ್ಬರು ಹೇಗೋ ಓದು ಮುಂದುವರಿಸಿದರು, ಬೇರೆಯವರ ಸುದ್ದಿ ನನಗೆ ಸಿಗಲಿಲ್ಲ. ತಗಡಿನ ಚಾವಣಿಯ ಕೋಣೆ ಈಗ ವರ್ಕ್‌ಶಾಪಿನ ಗೋದಾಮು. ಮೃಣಾಲ್ ನಾಗಪುರದಲ್ಲಿ ಬೇರೆ ಕೆಲಸಕ್ಕೆ ಸೇರಿದಳು. ಹೋಗುವ ಮುನ್ನ ನಮ್ಮ ಮನೆಗೆ ಬಂದವಳು, ನಾವು ಏನು ಮಾಡಿದ್ದರೆ ಸರಿಹೋಗುತ್ತಿತ್ತು ಮ್ಯಾಡಮ್ ಎಂದು ಕೇಳಿದಳು. ಇಬ್ಬರೂ ಕೂತು ಮೊದಲಿನಿಂದ ನೆನಪಿಸಿಕೊಂಡೆವು. ಇಂಥಲ್ಲಿ ತಪ್ಪಿದೆವು ಎಂದು ಬೆರಳಿಟ್ಟು ತೋರಿಸುವ ಜಾಗ ಸಿಗಲಿಲ್ಲ. ಸಿಕ್ಕಿದ್ದರೆ ಅವಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ.

ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಫಲಿತಾಂಶ ಬಂತು. ಸಿದ್ದುವಿನ ಪರೀಕ್ಷೆಯ ನಂಬರು ನನ್ನ ಬಳಿ ಇತ್ತು, ಸುಮ್ಮನೆ ಹಾಕಿ ನೋಡಿದೆ. ಕೊನೆಯ ಪೇಪರುಗಳ ಮುಂದೆ ಗೈರು ಎಂದಿತ್ತು. ಬರೆದ ಎರಡರಲ್ಲಿಯೂ ಅವನು ಪಾಸಾಗಿದ್ದ. ವೇರೂಳದ ಪೇಪರು ಅರ್ಧವೇ ಬರೆದದ್ದು, ಅದರಲ್ಲೂ.

ಅವನಿಗೆ ಫೋನು ಮಾಡಿದೆ. ಮಾಳಮ್ಮ ಆಗ ಮಗನನ್ನು ನೋಡಲು ಅಲ್ಲಿಗೆ ಹೋಗಿದ್ದಳು. ಫಲಿತಾಂಶ ಹೇಳಿದೆ. ಅವನು, ಇನ್ನೊಮ್ಮೆ ಹೇಳಿರಿ ಮ್ಯಾಡಮ್, ಅವ್ವನೂ ಕೇಳಲಿ ಎಂದು ಸ್ಪೀಕರ್ ಹಾಕಿದ. ನಾನು ಇನ್ನೊಮ್ಮೆ ಹೇಳಿದೆ, ಈ ಸಲ ಬಿಡಿಬಿಡಿಯಾಗಿ.

ಮಾಳಮ್ಮನ ದನಿ ಫೋನಿಗೆ ತೀರ ಹತ್ತಿರ ಬಂತು. "ಪಾಸಾಗ್ಯಾನಂದ್ರ, ಇನ್ನ ಆ ಕೇಸ್ ತಗೀತಾರೇನ್ರಿ ಅಕ್ಕೋರ?"

ಸಿದ್ದು ಏನಾದರೂ ಹೇಳುತ್ತಾನೆಂದು ನಾನು ಕಾದೆ. ನಾನು ಏನಾದರೂ ಹೇಳುತ್ತೇನೆಂದು ಅವನೂ ಕಾಯುತ್ತಿದ್ದ.